ಪ್ರಿಡಿಸ್ಟಾರ್ಷನ್ ಅಳವಡಿಸಿದರೂ ಪಕ್ಕದ ಚಾನೆಲ್‌ನ ಸೋರಿಕೆ ತಗ್ಗುತ್ತಿಲ್ಲ, ಏಕೆ?

ಪ್ರಶ್ನೆ: ಎಂ.ಟೆಕ್. ವಿದ್ಯಾರ್ಥಿನಿ, ದಾವಣಗೆರೆ

ಮಾನ್ಯರೇ, ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರಿನ ಎಬಿ ವರ್ಗದ ಪವರ್ ಆಂಪ್ಲಿಫೈಯರ್ ಒಂದಕ್ಕೆ 20 ಮೆಗಾಹರ್ಟ್ಸ್ ಅಗಲದ ಒಎಫ್‌ಡಿಎಂ (ಮಾಹಿತಿಯನ್ನು ಹಲವು ಉಪವಾಹಕಗಳಲ್ಲಿ ಹಂಚಿ ಕಳುಹಿಸುವ) ಸಂಕೇತ ಕೊಡುತ್ತಿದ್ದೇನೆ. ಸರಾಸರಿ ಶಕ್ತಿಯನ್ನು ಸ್ಯಾಚುರೇಷನ್‌ಗಿಂತ (ಆಂಪ್ಲಿಫೈಯರ್ ಕೊಡಬಲ್ಲ ಗರಿಷ್ಠ ಶಕ್ತಿಗಿಂತ) 9 ಡಿಬಿ ಕೆಳಗಿಟ್ಟರೆ ದಕ್ಷತೆ 17% ದಾಟುವುದಿಲ್ಲ. 7 ಡಿಬಿಗೆ ತಂದರೆ ಪಕ್ಕದ ಚಾನೆಲ್‌ಗೆ ಸೋರುವ ಶಕ್ತಿ ಮುಖ್ಯ ಚಾನೆಲ್‌ಗಿಂತ ಕೇವಲ 31 ಡಿಬಿ ಕೆಳಗಿರುತ್ತದೆ. ಪ್ರಿಡಿಸ್ಟಾರ್ಷನ್‌ಗೆ, ಅಂದರೆ ಆಂಪ್ಲಿಫೈಯರಿನ ವಿರೂಪ ರದ್ದಾಗುವಂತೆ ಸಂಕೇತವನ್ನು ಮೊದಲೇ ತಿರುಚುವುದಕ್ಕೆ, ಏಳನೆಯ ಘಾತದ ಮೆಮೊರಿ ಪಾಲಿನಾಮಿಯಲ್ (ಹಿಂದಿನ ಸ್ಯಾಂಪಲ್‌ಗಳನ್ನೂ ಗಣಿಸುವ ಬಹುಪದಿ) ಬಳಸಿದರೂ ಅದು 35 ಡಿಬಿಗೇ ನಿಂತಿದೆ. ನಮ್ಮ ಸಾಫ್ಟ್‌ವೇರ್ ರೇಡಿಯೊದ ವೇಗ ಸೆಕೆಂಡಿಗೆ 30.72 ಮೆಗಾಸ್ಯಾಂಪಲ್. ಘಾತವನ್ನು ಇನ್ನೂ ಹೆಚ್ಚಿಸಬೇಕೇ?

ಉತ್ತರ 1: ಚಿತ್ರದುರ್ಗ

ಘಾತ ಹೆಚ್ಚಿಸಬೇಡಿ, ತೊಂದರೆ ಅಲ್ಲಿಲ್ಲ. ಐದನೆಯ ಘಾತದ ವಿರೂಪ ಮೂಲ ಸಂಕೇತದ ಐದು ಪಟ್ಟು ಅಗಲಕ್ಕೆ, ಅಂದರೆ 100 ಮೆಗಾಹರ್ಟ್ಸ್‌ಗೆ ಹರಡುತ್ತದೆ. ನಿಮ್ಮ ರೇಡಿಯೊ ಹಿಡಿಯಬಲ್ಲ ಕಿಂಡಿ ಅದರ ಮೂರನೇ ಒಂದು ಭಾಗವೂ ಇಲ್ಲ. ನೋಡುವುದಕ್ಕಷ್ಟೇ ಅಲ್ಲ, ಆಂಪ್ಲಿಫೈಯರಿನ ವಿಲೋಮಕ್ಕೆ ತಕ್ಕಂತೆ ತಿರುಚಿದ ಸಂಕೇತವೂ ಅಷ್ಟೇ ಅಗಲವಾಗುವುದರಿಂದ ಕಳುಹಿಸುವಾಗಲೂ ಅದರ ಅಂಚುಗಳು ಕತ್ತರಿಸಿಹೋಗುತ್ತವೆ. ಹೊಸ ಉಪಕರಣಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಬದಲು (ನಾವು ಕಾದಿದ್ದೇವೆ) ಸಂಕೇತವನ್ನೇ 5 ಮೆಗಾಹರ್ಟ್ಸ್‌ಗೆ ಇಳಿಸಿ. ಆಗ 25 ಮೆಗಾಹರ್ಟ್ಸ್ ಸಾಕು. ಕಳುಹಿಸಿದ ಮತ್ತು ಮರಳಿ ಬಂದ ಸಂಕೇತಗಳ ಕಾಲವನ್ನು ಒಂದು ಸ್ಯಾಂಪಲ್ಲಿನ ಭಿನ್ನಾಂಶದಷ್ಟು ನಿಖರವಾಗಿ ಹೊಂದಿಸಿರಿ.

ಉತ್ತರ 2: ದಾವಣಗೆರೆ

ಮೇಲಿನ ಮಾತು ಸರಿ, ಆದರೆ ಅರ್ಧ ಮಾತ್ರ. ಒಎಫ್‌ಡಿಎಂ ಸಂಕೇತದ ಶಿಖರಗಳು ಸರಾಸರಿಗಿಂತ ಸುಮಾರು 10 ಡಿಬಿ ಏರುತ್ತವೆ. 7 ಡಿಬಿಯಲ್ಲಿ ನಡೆಸಿದರೆ ಆ ಶಿಖರಗಳಿಗೆ ಬೇಕಾದ ಶಕ್ತಿ ಟ್ರಾನ್ಸಿಸ್ಟರಿನಲ್ಲೇ ಇಲ್ಲ. ಇಲ್ಲದ್ದನ್ನು ಯಾವ ವಿಲೋಮವೂ ತಂದುಕೊಡದು. ಮೊದಲು ಶಿಖರಗಳನ್ನು 7 ಡಿಬಿಗೆ ಸವರಿ, ನಂತರ ಪ್ರಿಡಿಸ್ಟಾರ್ಷನ್ ಮಾಡಿರಿ. ಸವರಿದ್ದರಿಂದ ಸಂಕೇತದೊಳಗೇ ದೋಷ ಹುಟ್ಟುತ್ತದೆ. 64-ಕ್ಯೂಎಎಂಗೆ (ಒಂದು ಚಿಹ್ನೆಯಲ್ಲಿ 6 ಬಿಟ್ ಒಯ್ಯುವ ಮಾಡ್ಯುಲೇಷನ್‌ಗೆ) 4ಜಿ ಮಾನದಂಡವಾದ ಎಲ್‌ಟಿಇ ಒಪ್ಪುವ 8% ಮಿತಿಯೊಳಗೆ ಅದು ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಾಲಹೊಂದಾಣಿಕೆಯಲ್ಲಿ ಅರ್ಧ ಸ್ಯಾಂಪಲ್ ತಪ್ಪಿತ್ತು. ಅದನ್ನು ಸರಿಪಡಿಸಿ, ಶಿಖರ ಸವರಿ, 5 ಮೆಗಾಹರ್ಟ್ಸ್‌ನಲ್ಲಿ ನಡೆಸಿದಾಗ ಸೋರಿಕೆ ಮುಖ್ಯ ಚಾನೆಲ್‌ಗಿಂತ 46 ಡಿಬಿ ಕೆಳಗಿಳಿದು, ದಕ್ಷತೆ 21% ಆಯಿತು. ಆದರೆ ಬೆಳಿಗ್ಗೆ ಪಡೆದ ಗುಣಾಂಕಗಳನ್ನೇ ಮಧ್ಯಾಹ್ನ ಬಳಸಿದರೆ ಆ 46 ಡಿಬಿ 41ಕ್ಕೆ ಬರುತ್ತಿದೆ.

ಉತ್ತರ 1: ಚಿತ್ರದುರ್ಗ

ನಮ್ಮ ಕಡೆಯ ಮಾರ್ಚ್ ಬಿಸಿಲಿನಲ್ಲಿ ಅದು ಸಹಜ. ಟ್ರಾನ್ಸಿಸ್ಟರ್ ಕಾದಂತೆ ಅದರ ಗೇನ್, ಫೇಸ್ ಎರಡೂ ಜರುಗುತ್ತವೆ. ಗುಣಾಂಕಗಳನ್ನು ಒಮ್ಮೆ ಲೆಕ್ಕಹಾಕಿ ಬಿಡದೆ, ಆಂಪ್ಲಿಫೈಯರ್ ನಡೆಯುತ್ತಿರುವಾಗಲೇ ಆಗಾಗ ಮತ್ತೆ ಅಂದಾಜು ಮಾಡುತ್ತಿರಿ.