ಟೈಮ್‌ಲ್ಯಾಪ್ಸ್‌ನಲ್ಲಿ ಪ್ರಾಮಿನೆನ್ಸ್‌ನ ಒಂದು ಕಾಲು ಮಾಯವಾಗುತ್ತಿದೆ, ಫಿಲ್ಟರ್ ಕೆಟ್ಟಿದೆಯಾ?

ಪ್ರಶ್ನೆ:
ಸೂರ್ಯನ ಅಂಚಿನಲ್ಲಿದ್ದ ಒಂದು ಪ್ರಾಮಿನೆನ್ಸನ್ನು (ಮೇಲ್ಮೈಯಿಂದ ಮೇಲೆ ತೂಗುವ ಅನಿಲದ ರಾಶಿ) ಎಚ್-ಆಲ್ಫಾದಲ್ಲಿ (ಹೈಡ್ರೋಜನ್‌ನ ಕೆಂಪು ಬೆಳಕಿನಲ್ಲಿ) 40 ನಿಮಿಷ ಸೆರೆಹಿಡಿದೆ. ಶುರುವಿನಲ್ಲಿ ಕಮಾನು ಪೂರ್ತಿ ಇತ್ತು. ಆಮೇಲೆ ಬಲಗಾಲು ಮಸುಕಾಗುತ್ತಾ ಹೋಗಿ ಕಾಣದೇ ಹೋಯಿತು. ಎಡಗಾಲು ಹಾಗೇ ಇದೆ. ಎಕ್ಸ್‌ಪೋಶರ್ ಮುಟ್ಟಿಲ್ಲ, ಮೋಡವೂ ಇರಲಿಲ್ಲ. ಫಿಲ್ಟರ್ ಬಿಡುವ ಪಟ್ಟಿಯ ಅಗಲ 0.7 ಆಂಗ್‌ಸ್ಟ್ರಾಮ್ (ತರಂಗಾಂತರದ ಅಳತೆ), ಓರೆ ಮಾಡಿ ಟ್ಯೂನ್ ಮಾಡುವಂಥದ್ದು.

ಉತ್ತರ:
ಫಿಲ್ಟರ್ ಬಿಚ್ಚಲು ಹೋಗಬೇಡಿ. ಮುಂದಿನ ಸಲ ಹೀಗಾದಾಗ ಪ್ರಾಮಿನೆನ್ಸನ್ನು ಚಿತ್ರದ ಬೇರೆ ಬೇರೆ ಮೂಲೆಗೆ ಸರಿಸಿ ನೋಡಿ. ಎಟಲಾನ್ (ಫಿಲ್ಟರ್‌ನಲ್ಲಿ ತರಂಗಾಂತರ ಆರಿಸುವ ಭಾಗ) ಚಿತ್ರದ ಎಲ್ಲ ಕಡೆ ಒಂದೇ ತರಂಗಾಂತರವನ್ನು ಬಿಡುವುದಿಲ್ಲ. ಸರಿಸಿದಾಗ ಕಾಲು ಮತ್ತೆ ಕಂಡರೆ ತೊಂದರೆ ಎಟಲಾನ್‌ನಲ್ಲಿದೆ. ಎಲ್ಲಿಟ್ಟರೂ ಕಾಣದಿದ್ದರೆ ಆ ಅನಿಲ ನಿಮ್ಮ ಕಡೆಗೋ, ನಿಮ್ಮಿಂದ ದೂರಕ್ಕೋ ಓಡುತ್ತಿರಬಹುದು. ಎಚ್-ಆಲ್ಫಾ ರೇಖೆ ಇರುವುದು 6562.8 ಆಂಗ್‌ಸ್ಟ್ರಾಮ್‌ನಲ್ಲಿ. ಅನಿಲ ನಮ್ಮ ಕಡೆ ಬಂದರೆ ಅದು ನೀಲಿ ಕಡೆಗೆ, ದೂರ ಹೋದರೆ ಕೆಂಪು ಕಡೆಗೆ ಸರಿಯುತ್ತದೆ, ಸೆಕೆಂಡಿಗೆ ಸುಮಾರು 46 ಕಿ.ಮೀ. ವೇಗಕ್ಕೆ 1 ಆಂಗ್‌ಸ್ಟ್ರಾಮ್. ನಿಮ್ಮ ಫಿಲ್ಟರ್ ಬೆಳಕು ಬಿಡುವ ಕಿಟಕಿ ಅದಕ್ಕಿಂತ ಕಿರಿದು, ಅಲ್ವಾ? ಅನಿಲ ಅಲ್ಲೇ ಇರುತ್ತದೆ, ಅದರ ಬೆಳಕು ಮಾತ್ರ ಕಿಟಕಿಯಿಂದಾಚೆ ಹೋಗಿರುತ್ತದೆ.

ಪ್ರಶ್ನೆ ಕೇಳಿದವರು:
ಇವತ್ತು ಇನ್ನೊಂದು ಪ್ರಾಮಿನೆನ್ಸ್‌ನಲ್ಲೂ ಹೀಗೇ ಆಯಿತು. ನಾಲ್ಕೂ ಮೂಲೆಗೆ ಸರಿಸಿದೆ, ಬದಲಾಗಲಿಲ್ಲ. ಆಮೇಲೆ ಓರೆಯನ್ನು ಕೂದಲೆಳೆಯಷ್ಟು ಹೆಚ್ಚಿಸಿದೆ. ಕಾಣದಿದ್ದ ಕಾಲು ಬೆಳಗಿತು, ಕಾಣುತ್ತಿದ್ದದ್ದು ಮಂಕಾಯಿತು! ಮೈ ಜುಮ್ಮೆಂದಿತು. ಪಕ್ಕದಲ್ಲೇ ಇನ್ನೊಂದಿದೆ, ಬೇಲಿಯ ಹಾಗೆ. ಅದರ ಎಳೆಗಳು ನೆಟ್ಟಗೆ ಕೆಳಗಿಳಿಯುತ್ತವೆ. ಹಾಗಾದರೆ ಅಲ್ಲಿ ಕಾಂತರೇಖೆಗಳೂ ನೆಟ್ಟಗಿವೆಯಾ?

ಉತ್ತರ:
ಓರೆ ಹೆಚ್ಚಿಸಿದರೆ ಕಿಟಕಿ ನೀಲಿ ಕಡೆಗೆ ಹೋಗುತ್ತದೆ. ಅಂದರೆ ಆ ಕಾಲಿನ ಅನಿಲ ನಿಮ್ಮ ಕಡೆಗೇ ಬರುತ್ತಿತ್ತು. ತುಂಬಾ ಚೆನ್ನಾಗಿ ಹಿಡಿದಿದ್ದೀರಿ.

ಬೇಲಿಯ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. ಇಂಥ ಶಾಂತ ಪ್ರಾಮಿನೆನ್ಸ್‌ಗಳಲ್ಲಿ ಅಳೆದು ನೋಡಿದಾಗ ಕಾಂತಕ್ಷೇತ್ರ ಹೆಚ್ಚಾಗಿ ಅಡ್ಡಡ್ಡ ಇರುವುದು ಕಂಡಿದೆ, ಕೆಲವು ಗಾಸ್‌ನಿಂದ (ಕಾಂತಕ್ಷೇತ್ರದ ಅಳತೆ) ಕೆಲವು ಹತ್ತು ಗಾಸ್‌ವರೆಗೆ. ಬಟ್ಟೆ ಒಣಹಾಕಿದ ಹಗ್ಗ ನಡುವೆ ಜೋತುಬೀಳುತ್ತದಲ್ಲ, ಹಾಗೆ ರೇಖೆಗಳು ತಗ್ಗಾಗಿ, ಆ ತಗ್ಗಿನಲ್ಲಿ ತಣ್ಣನೆಯ ಅನಿಲ ನಿಲ್ಲುತ್ತದೆ. ತಣ್ಣನೆ ಅಂದರೂ ಸುಮಾರು 8000 ಕೆಲ್ವಿನ್, ಸುತ್ತಲ ಕರೋನಾ (ಸೂರ್ಯನ ಹೊರ ವಾತಾವರಣ) ಹತ್ತು ಲಕ್ಷ ದಾಟಿರುತ್ತದೆ. ತಗ್ಗುಗಳು ಒಂದರ ಮೇಲೊಂದು ಬಂದಾಗ ನಮಗೆ ನೆಟ್ಟಗಿನ ಎಳೆ ಕಾಣುತ್ತದೆ.

ನಿಮ್ಮ ಫ್ರೇಮ್‌ಗಳಲ್ಲೇ ಲೆಕ್ಕ ಹಾಕಿ. ಸೂರ್ಯನ ಮೇಲ್ಮೈಯಲ್ಲಿ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 274 ಮೀಟರ್. ತಡೆಯೇ ಇಲ್ಲದಿದ್ದರೆ 5 ನಿಮಿಷದಲ್ಲಿ ಸೆಕೆಂಡಿಗೆ 82 ಕಿ.ಮೀ. ವೇಗ ಬರಬೇಕು. ಒಂದು ಗಂಟನ್ನು ಗುರುತಿಟ್ಟುಕೊಂಡು ಎಷ್ಟು ಪಿಕ್ಸೆಲ್ ಇಳಿಯಿತು ಅಂತ ಅಳೆದು ಇಲ್ಲಿ ಹಾಕಿ. ಅದಕ್ಕಿಂತ ಎಷ್ಟೋ ನಿಧಾನ ಬರುತ್ತದೆ ನೋಡಿ, ಅನಿಲವನ್ನು ಆ ತಗ್ಗುಗಳು ಹಿಡಿದಿಟ್ಟಿರುವುದರಿಂದ.