ಸರದಿಯೇ ಇಲ್ಲದ ಕಾಳಗಕ್ಕೆ ಪದ ಬೇಕು: ‘ಟರ್ನ್’, ‘ಕೂಲ್‌ಡೌನ್’, ‘ಎವಲ್ಯೂಷನ್’

ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ವಿಡಿಯೊ ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಟರ್ನ್’ಗೆ ‘ಸರದಿ’ ಎಂಬುದು ಇಷ್ಟು ಕಾಲ ಸಲೀಸಾಗಿ ಒಗ್ಗುತ್ತಿತ್ತು. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಗೇಮ್‌ಬಾಯ್‌ಗೆ ಬಂದ ರೆಡ್ ಮತ್ತು ಗ್ರೀನ್‌ನಿಂದ ಹಿಡಿದು 2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ವರೆಗೆ ಕಾಳಗದ ಬುನಾದಿ ಒಂದೇ. ನೀನೊಂದು ಏಟು, ನಾನೊಂದು ಏಟು; ನಡುವೆ ಎಷ್ಟು ಹೊತ್ತು ಯೋಚಿಸಿದರೂ ಆಟ ಕಾಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಬಂದ ‘ಲೆಜೆಂಡ್ಸ್: ಝಡ್-ಎ’ ಈ ಬುನಾದಿಯನ್ನೇ ಕಿತ್ತುಹಾಕಿದೆ. ಇಲ್ಲಿ ಕಾಳಗ ನಿಲ್ಲದೆ ಓಡುತ್ತದೆ. ಝಡ್‌ಎಲ್ ಗುಂಡಿಯನ್ನು ಒತ್ತಿ ಹಿಡಿದು ಎದುರಾಳಿಗೆ ಗುರಿಯಿಟ್ಟರೆ ನಾಲ್ಕು ಪಟ್ಟುಗಳು (ಪೋಕೆಮಾನ್ ಹಾಕಬಲ್ಲ ‘ಮೂವ್’ಗಳು) ನಾಲ್ಕು ಗುಂಡಿಗಳಲ್ಲಿ ಸಿದ್ಧವಾಗುತ್ತವೆ. ಯಾವುದನ್ನು ಒತ್ತಿದರೂ ಆ ಪಟ್ಟು ಮಾತ್ರ ಸ್ವಲ್ಪ ಹೊತ್ತು ಸಿಗುವುದಿಲ್ಲ, ಉಳಿದ ಮೂರು ಸಿಗುತ್ತವೆ.

ಈ ‘ಸ್ವಲ್ಪ ಹೊತ್ತು’ ಎಂಬುದಕ್ಕೆ, ಅಂದರೆ ಕೂಲ್‌ಡೌನ್‌ಗೆ, ಏನನ್ನಬೇಕು?

‘ದಣಿವಾರಿಕೆ’ ಎಂಬ ಸಲಹೆ ಕೇಳಲು ಚೆಂದ, ಬಳಸಿದರೆ ದಾರಿ ತಪ್ಪಿಸುತ್ತದೆ. ಇಲ್ಲಿ ದಣಿಯುವುದು ಪ್ರಾಣಿಯಲ್ಲ, ತಡೆಯಾಗುವುದು ಒಂದು ಪಟ್ಟು ಮಾತ್ರ. ಥಂಡರ್‌ಬೋಲ್ಟ್ ಬಿಟ್ಟ ಪಿಕಾಚು ಅದು ಮತ್ತೆ ಸಿದ್ಧವಾಗುವ ಮೊದಲೇ ಕ್ವಿಕ್ ಅಟ್ಯಾಕ್ ಮಾಡಬಹುದು. ‘ಪಿಕಾಚು ದಣಿವಾರಿಸಿಕೊಳ್ಳುತ್ತಿದೆ’ ಎಂದು ಓದಿದವನು ಸುಮ್ಮನೆ ಕಾಯುತ್ತಾನೆ, ಏಟು ತಿನ್ನುತ್ತಾನೆ. ಜೊತೆಗೆ, ನಿಜವಾಗಿ ಪ್ರಾಣಿಯೇ ಸುಸ್ತಾಗುವ ಪಟ್ಟು ಈ ಸರಣಿಯಲ್ಲಿ ಮೊದಲಿನಿಂದಲೂ ಇದೆ: ಹೈಪರ್ ಬೀಮ್ ಬಿಟ್ಟದ್ದು ಮುಂದಿನ ಸರದಿಯಲ್ಲಿ ಏನೂ ಮಾಡಲಾಗದೆ ನಿಲ್ಲುತ್ತದೆ. ದಣಿವನ್ನು ಅದಕ್ಕೆ ಮೀಸಲಿಡುವುದು ಮೇಲು. ‘ತಣಿವು’ ಎಂದರೆ ಐಸ್ ಟೈಪಿನ, ಅಂದರೆ ಹಿಮದ ಬಗೆಯ ಪೋಕೆಮಾನ್‌ಗಳ, ಮಾತೇನೋ ಅನ್ನಿಸುತ್ತದೆ. ‘ಬಿಡುವು’ ನನಗೆ ಹೆಚ್ಚು ಹಿಡಿಸಿದೆ: ‘ಈ ಪಟ್ಟಿನ ಬಿಡುವು ದೊಡ್ಡದು’, ‘ಬಿಡುವು ಮುಗಿಯುವ ಮೊದಲೇ ಇನ್ನೊಂದನ್ನು ಒತ್ತಿ’. ಎರಡೂ ವಾಕ್ಯ ಎಲ್ಲೂ ತೊಡರುವುದಿಲ್ಲ.

‘ಸರದಿ’ಯನ್ನು ಪೂರ್ತಿ ಕೈಬಿಡಬೇಕಿಲ್ಲ, ಹಳೆಯ ಆಟಗಳಿಗೆ ಅದು ಇರಲಿ. 2022ರ ಜನವರಿಯ ‘ಲೆಜೆಂಡ್ಸ್: ಆರ್ಸಿಯಸ್’ನಲ್ಲೂ ಸರದಿ ಇತ್ತು, ಸಮಪಾಲು ಇರಲಿಲ್ಲ ಅಷ್ಟೆ. ಒಂದು ಪಟ್ಟನ್ನು ಚುರುಕು ಶೈಲಿಯಲ್ಲಿ ಹಾಕಿದರೆ ಏಟಿನ ಬಲ ತಗ್ಗಿ ಮುಂದಿನ ಸರದಿ ಬೇಗ ಬರುತ್ತದೆ. ಬಲದ ಶೈಲಿಯಲ್ಲಿ ಅದರ ತಿರುವುಮುರುವು. ಎರಡಕ್ಕೂ ಪಿಪಿ, ಅಂದರೆ ಪಟ್ಟನ್ನು ಎಷ್ಟು ಸಲ ಹಾಕಬಹುದೆಂಬ ಲೆಕ್ಕ, ಹೆಚ್ಚು ಖರ್ಚು. ಅಲ್ಲಿ ‘ಸರದಿ ಹಿಂದುಮುಂದಾಗುತ್ತದೆ’ ಎಂದರೆ ಕೆಲಸ ಮುಗಿಯುತ್ತದೆ.

ಎಡವಟ್ಟಾಗುವುದು ಹಳೆಯ ವಿವರಣೆಗಳನ್ನು ಹೊಸ ಆಟಕ್ಕೆ ನಕಲು ಮಾಡಿದಾಗ. ಪ್ರೊಟೆಕ್ಟ್ ಎಂಬ ರಕ್ಷಣೆಯ ಪಟ್ಟಿನ ಬಗ್ಗೆ ‘ಆ ಸರದಿಯಲ್ಲಿ ಬರುವ ಏಟನ್ನು ತಡೆಯುತ್ತದೆ’ ಎಂದು ಝಡ್-ಎ ಕೈಪಿಡಿಯಲ್ಲಿ ಬರೆದರೆ ಓದಿದವನಿಗೆ ಏನೂ ತಿಳಿಯದು. ಇಲ್ಲಿ ಗುರಾಣಿ ಕೆಲ ಹೊತ್ತು ಮಾತ್ರ ನಿಲ್ಲುತ್ತದೆ, ಬೇಗ ಒತ್ತಿದರೆ ಏಟು ಬೀಳುವ ಮೊದಲೇ ಕಳಚಿಹೋಗುತ್ತದೆ. ‘ಏಟು ಹೊರಡುವುದನ್ನು ನೋಡಿ ಒತ್ತಿ’ ಎಂದೇ ಬರೆಯಬೇಕು. ಬಲ ಏರಿಸುವ ಪಟ್ಟಾದ ಸ್ವೋರ್ಡ್ಸ್ ಡಾನ್ಸ್ ಕೂಡ ಹಾಗೆಯೇ. ಹಳೆಯ ಆಟಗಳಲ್ಲಿ ಅಟ್ಯಾಕ್ (ದಾಳಿಯ ಬಲ) ಎರಡು ಮೆಟ್ಟಿಲು ಏರಿ ದುಪ್ಪಟ್ಟಾಗುತ್ತದೆ, ಪೋಕೆಮಾನನ್ನು ಹಿಂದಕ್ಕೆ ಕರೆಯುವವರೆಗೆ ಸಾಮಾನ್ಯವಾಗಿ ಉಳಿಯುತ್ತದೆ. ಹೊಸತರಲ್ಲಿ ಆ ಏರಿಕೆ ಹೊತ್ತು ಕಳೆದಂತೆ ಇಳಿದುಹೋಗುತ್ತದೆ. ‘ಹೆಚ್ಚಿಸುತ್ತದೆ’ ಎಂಬ ಒಂದೇ ಕ್ರಿಯಾಪದ ಎರಡಕ್ಕೂ ಸಾಲದು, ‘ಸ್ವಲ್ಪ ಹೊತ್ತು’ ಸೇರಲೇಬೇಕು.

ಇನ್ನು ‘ಎವಲ್ಯೂಷನ್’. ‘ವಿಕಾಸ’ ಎಂದು ಬರೆಯುವವರು ಬಹಳ. ವಿಕಾಸ ತಲೆಮಾರುಗಳಲ್ಲಿ ಆಗುವಂಥದ್ದು. ಆಟದಲ್ಲಿ ಒಂದೇ ಜೀವ ಕಣ್ಣೆದುರಿಗೇ ಬದಲಾಗುತ್ತದೆ. ಕ್ಯಾಟರ್‌ಪಿ 7ನೇ ಲೆವೆಲ್‌ಗೆ ಮೆಟಾಪಾಡ್, ಅದು 10ಕ್ಕೆ ಬಟರ್‌ಫ್ರೀ: ಕಂಬಳಿಹುಳು, ಕೋಶ, ಚಿಟ್ಟೆ. ಹಾಗಾದರೆ ‘ರೂಪಾಂತರ’ ಎನ್ನೋಣವೇ? ಅಲ್ಲೊಂದು ತೊಡಕಿದೆ. ರೂಪ ಬದಲಿಸುವುದು ಈ ಆಟಗಳಲ್ಲಿ ಬೇರೆಯದೇ ಸಂಗತಿ. ರೋಟಮ್ ಎಂಬ ಪೋಕೆಮಾನ್ ವಾಷಿಂಗ್ ಮೆಷಿನ್ ಹೊಕ್ಕರೆ ಒಂದು ರೂಪ, ಹೊರಬಂದರೆ ಮೊದಲಿನ ರೂಪ. 2013ರ ಎಕ್ಸ್ ಮತ್ತು ವೈ ತಂದ ಮೆಗಾ ಎವಲ್ಯೂಷನ್ ಕೂಡ ಹಿಂತಿರುಗುವಂಥದ್ದೇ. ಚಾರಿಜಾರ್ಡ್ ಮೆಗಾ ಎಕ್ಸ್ ಆದಾಗ ಫ್ಲೈಯಿಂಗ್ ಟೈಪ್ ಬಿಟ್ಟು ಡ್ರ್ಯಾಗನ್ ಆಗುತ್ತದೆ, ಕಾಳಗ ಮುಗಿದರೆ ಹಳೆಯ ಚಾರಿಜಾರ್ಡ್. ಝಡ್-ಎಯಲ್ಲಂತೂ ಕಾಳಗ ಮುಗಿಯುವವರೆಗೂ ಕಾಯುವುದಿಲ್ಲ, ಮೆಗಾ ಶಕ್ತಿಯ ಅಳತೆಪಟ್ಟಿ ಬರಿದಾದ ಕೂಡಲೇ ಇಳಿಯುತ್ತದೆ. ಆದ್ದರಿಂದ ‘ರೂಪಾಂತರ’ ಮೆಗಾಕ್ಕೆ ಸರಿಹೊಂದುತ್ತದೆ, ಹೆಸರಲ್ಲಿ ಎವಲ್ಯೂಷನ್ ಇದ್ದರೂ ಸರಿಯೇ. ಮಾಮೂಲಿ ಎವಲ್ಯೂಷನ್‌ಗೆ ನಾಮಪದ ಹುಡುಕುವ ಹಟವೇ ಬೇಡವೇನೋ. ‘ಚಾರ್ಮ್ಯಾಂಡರ್ 16ಕ್ಕೆ ಚಾರ್ಮೀಲಿಯನ್ ಆಗುತ್ತದೆ, 36ಕ್ಕೆ ಚಾರಿಜಾರ್ಡ್ ಆಗುತ್ತದೆ.’ ‘ಆಗು’ ಇರುವಾಗ ಸಂಸ್ಕೃತದ ಮೊರೆ ಹೋಗಬೇಕೆ?

‘ಕ್ಯಾಚ್ ರೇಟ್’ಗೆ ‘ಹಿಡಿಯುವ ದರ’ ಎಂದು ಬರೆದದ್ದು ಕಣ್ಣಿಗೆ ಬಿದ್ದಿದೆ. ದಯವಿಟ್ಟು ಬೇಡ. ಈ ಅಂಕಿ 3ರಿಂದ 255ರವರೆಗೆ ಇರುತ್ತದೆ, ದೊಡ್ಡದಾದಷ್ಟೂ ಹಿಡಿಯುವುದು ಸುಲಭ. ಕ್ಯಾಟರ್‌ಪಿಗೆ 255, ಮ್ಯೂಟುಗೆ 3. ‘ದರ 255’ ಎಂದು ಓದಿದವನಿಗೆ ಅದೇ ದುಬಾರಿ ಎನಿಸುತ್ತದೆ, ಅರ್ಥ ಪೂರಾ ಉಲ್ಟಾ. ‘ಸುಲಭಾಂಕ’ ಎಂದರೆ ಹೇಗೆ? ಬಹುತೇಕ ಹಳೆಯ ಆಟಗಳ ಸೂತ್ರದಲ್ಲಿ ಎಚ್‌ಪಿ, ಅಂದರೆ ಪೋಕೆಮಾನಿನ ಉಳಿದ ಜೀವಬಲ, ತುಂಬಿದ್ದರೆ ಈ ಅಂಕದ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಎಚ್‌ಪಿ ಒಂದಕ್ಕಿಳಿದರೆ ಹೆಚ್ಚುಕಮ್ಮಿ ಇಡಿಯಾಗಿ ಬರುತ್ತದೆ. ಪಾರ್ಶ್ವವಾಯು, ಸುಟ್ಟಗಾಯ ಅಥವಾ ವಿಷ ತಗುಲಿದ್ದರೆ ಒಂದೂವರೆ ಪಟ್ಟು, 2010ರ ಬ್ಲ್ಯಾಕ್ ಮತ್ತು ವೈಟ್‌ನಿಂದೀಚೆಗೆ ನಿದ್ದೆ ಬಂದಿದ್ದರೆ ಎರಡೂವರೆ ಪಟ್ಟು. ‘ಸುಲಭಾಂಕ ಎರಡೂವರೆ ಪಟ್ಟಾಗುತ್ತದೆ’ ಎಂದು ಬರೆದರೆ ಗುಣಾಕಾರದ ದಿಕ್ಕೂ ತಪ್ಪುವುದಿಲ್ಲ.

ಎಚ್‌ಪಿ ಸೊನ್ನೆಯಾಗಿ ಕಾಳಗದಿಂದ ಹೊರಬೀಳುವ ‘ಫೇಂಟ್’ಗೆ ‘ಸತ್ತಿತು’ ಅನ್ನುವುದು ಬಾಯಿಮಾತು, ಬರವಣಿಗೆಗೆ ತಪ್ಪು. ‘ಮೂರ್ಛೆ ಹೋಯಿತು’ ನಾಟಕದ ಭಾಷೆಯಾಯಿತು. ಕುಸ್ತಿಯ ಕಣದ ‘ಬಿತ್ತು’ ಸಾಕು. ಈ ಬೀಳುವಿಕೆಗೂ ಅರ್ಥ ಬದಲಾಗಿದೆ ಅನ್ನಿ: ಹಿಂದೆ ಕಾಡಿನ ಪೋಕೆಮಾನ್ ಬಿದ್ದರೆ ಹಿಡಿಯುವ ಆಸೆ ಅಲ್ಲಿಗೇ ಬಿಡಬೇಕಿತ್ತು, ಝಡ್-ಎಯಲ್ಲಿ ಬಿದ್ದ ಮೇಲೂ ಹಿಡಿಯುವ ಬಾಲ್ ಎಸೆಯಲು ಒಂದು ಗಳಿಗೆ ಸಿಗುತ್ತದೆ. ‘ಬೀಳಿಸಬೇಡಿ’ ಎಂಬ ಹಳೆಯ ಎಚ್ಚರಿಕೆಯನ್ನು ಹಾಗೇ ಉಳಿಸಿಕೊಂಡ ಬರಹಗಳನ್ನು ತಿದ್ದಬೇಕು.

‘ಟೈಪ್’ ಅನ್ನು ಮುಟ್ಟದಿರುವುದೇ ಒಳ್ಳೆಯದು. ‘ಜಾತಿ’ ಎಂದರೆ ಎರಡೆರಡು ಗೊಂದಲ: ಸಮಾಜದ ಜಾತಿಯೋ, ಪ್ರಾಣಿಯ ಜಾತಿಯೋ? ‘ತತ್ತ್ವ’ ಎಂದರೆ ಬೆಂಕಿ, ನೀರು ಒಪ್ಪುತ್ತವೆ, ಫೈಟಿಂಗ್ ಮತ್ತು ನಾರ್ಮಲ್ ಒಪ್ಪುವುದಿಲ್ಲ.

ಉಳಿದ ಪ್ರಶ್ನೆ ‘ಬಿಡುವಿ’ನದೇ. ನಾಮಪದವಾಗಿ ಸರಿ, ಕ್ರಿಯೆಯಾಗಿ ಹೇಗೆ? ‘ಥಂಡರ್‌ಬೋಲ್ಟ್ ಬಿಡುವಿನಲ್ಲಿದೆ’ ಎಂದರೆ ರಜೆ ಹಾಕಿದಂತಿದೆ, ‘ಬಿಡುವಾಗಿದೆ’ ಎಂದರೆ ಬಳಕೆಗೆ ಸಿದ್ಧ ಎಂಬ ವಿರುದ್ಧಾರ್ಥವೇ ಬಂದುಬಿಡುತ್ತದೆ. ‘ಥಂಡರ್‌ಬೋಲ್ಟ್‌ಗೆ ಇನ್ನೂ ಬಿಡುವು ಮುಗಿದಿಲ್ಲ’ ಎಂಬುದೊಂದೇ ಈವರೆಗೆ ನಿಂತಿರುವ ರೂಪ, ಆದರೆ ಆಟದ ಪರದೆಯ ಮೂಲೆಯಲ್ಲಿ ಹಾಕಲು ಅದು ಉದ್ದವಾಯಿತು. ಎರಡೇ ಪದಗಳಲ್ಲಿ ಹೇಳುವ ದಾರಿ ಯಾರಿಗಾದರೂ ಹೊಳೆದರೆ, ಉದಾಹರಣೆ ವಾಕ್ಯದ ಸಮೇತ ತಿಳಿಸಿ.