ಕ್ಲೌಡ್‌ನಲ್ಲಿ ಫೈಲಿನ ಹಳೆಯ ಆವೃತ್ತಿಗಳನ್ನು ಇಟ್ಟುಕೊಂಡವರು ಅನುಭವ ತಿಳಿಸಿ

ಬಳ್ಳಾರಿ, ಜೀನ್ಸ್ ಪ್ಯಾಟರ್ನ್ ಕೆಲಸ (ಪ್ರಶ್ನೆ)

ನಮ್ಮದು ಸಣ್ಣ ಜೀನ್ಸ್ ಹೊಲಿಗೆ ಘಟಕ. ಪ್ಯಾಟರ್ನ್ ಫೈಲುಗಳು ಒಟ್ಟು 40 ಜಿಬಿ, ಅಮೆಜಾನ್‌ನ ಕ್ಲೌಡ್ ಸಂಗ್ರಹವಾದ ಎಸ್3ರ ಮುಂಬೈ ವಲಯದಲ್ಲಿ ಒಂದು ಬಕೆಟ್ (ಫೈಲುಗಳನ್ನು ಇಡುವ ಜಾಗ) ಒಳಗಿವೆ. ಕಳೆದ ವಾರ ಕಟಿಂಗ್ ವಿಭಾಗದ ಹುಡುಗ 34ರ ಸೈಜಿನ ಪ್ಯಾಟರ್ನ್ ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದ. ಸೊಂಟದ ಭಾಗ ಅರ್ಧ ಇಂಚು ಕಡಿಮೆಯಾಗಿದೆ ಎಂದು ತಿಳಿಯುವಷ್ಟರಲ್ಲಿ 400 ಪ್ಯಾಂಟಿನ ಬಟ್ಟೆ ಕತ್ತರಿಸಿ ಆಗಿತ್ತು. ಹಳೆಯ ಫೈಲ್ ಎಲ್ಲಿಯೂ ಇಲ್ಲ. ವರ್ಷನಿಂಗ್, ಅಂದರೆ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವ ವ್ಯವಸ್ಥೆ, ಚಾಲೂ ಮಾಡಲೇ? ಎಷ್ಟು ದಿನದ ಆವೃತ್ತಿಗಳನ್ನು ಇಡಬೇಕು? ಬಳಸಿದವರು ದಯವಿಟ್ಟು ಹೇಳಿ.

ಗಂಗಾವತಿ, ಅಕ್ಕಿ ಗಿರಣಿ ಲೆಕ್ಕಪತ್ರ

ಚಾಲೂ ಮಾಡುವ ಮೊದಲು ನನ್ನ ಬಿಲ್ಲಿನ ಕಥೆ ಕೇಳಿ. ನಮ್ಮ ಗಿರಣಿಯ ಲೆಕ್ಕದ ಫೈಲ್ 2 ಜಿಬಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ, ದಿನಕ್ಕೆ ಹತ್ತು ಸಲ ಒಂದೇ ಹೆಸರಿನಲ್ಲಿ ಮೇಲೆ ಹೋಗುತ್ತದೆ. ಬದಲಾದ ಸಾಲುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ ಎಂದು ನಾನು ನಂಬಿದ್ದೆ. ಹಾಗಿಲ್ಲ. ಪ್ರತಿಯೊಂದು ಆವೃತ್ತಿಯೂ ಇಡೀ ಫೈಲು, ಪ್ರತಿಯೊಂದಕ್ಕೂ ಪೂರ್ತಿ ಬಾಡಿಗೆ. ದಿನಕ್ಕೆ 20 ಜಿಬಿ, ನಾಲ್ಕು ತಿಂಗಳಿಗೆ 2,400 ಜಿಬಿ. ಮುಂಬೈನಲ್ಲಿ ಜಿಬಿಗೆ ತಿಂಗಳಿಗೆ 0.025 ಡಾಲರ್‌ನಂತೆ ಲೆಕ್ಕ ಹಾಕಿದರೆ 60 ಡಾಲರ್, ನಮ್ಮ ಹಣದಲ್ಲಿ ಐದು ಸಾವಿರ ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಹಳೆಯ ಆವೃತ್ತಿಗಳಿಲ್ಲದಿದ್ದರೆ ಅದೇ ಫೈಲಿಗೆ ತಿಂಗಳಿಗೆ ಐದು ರೂಪಾಯಿಯೂ ದಾಟುವುದಿಲ್ಲ.

ಪರದೆಯಲ್ಲಿ ಮಾತ್ರ ಒಂದೇ ಫೈಲ್, 2 ಜಿಬಿ ಎಂದು ಕಾಣುತ್ತಿತ್ತು. ಮಾಲೀಕರು ಬಿಲ್ ಮುಂದಿಟ್ಟು ಕೇಳಿದಾಗ ನನಗೆ ಉತ್ತರವಿರಲಿಲ್ಲ. ವರ್ಷನಿಂಗ್ ನಿಲ್ಲಿಸಿದೆ, ಬಿಲ್ ಇಳಿಯಲಿಲ್ಲ. ನಿಲ್ಲಿಸಿದರೆ ಹೊಸ ಆವೃತ್ತಿಗಳು ಸೇರುವುದಿಲ್ಲವೇ ಹೊರತು ಹಳೆಯವು ಹೋಗುವುದಿಲ್ಲ. ಒಮ್ಮೆ ಚಾಲೂ ಮಾಡಿದ ಬಕೆಟ್ ಮತ್ತೆಂದೂ ಮೊದಲಿನ ಸ್ಥಿತಿಗೆ ಮರಳುವುದೂ ಇಲ್ಲ. ಫೈಲನ್ನೇ ಅಳಿಸಿದೆ. ಆಗಲೂ ಬಿಲ್ ಇಳಿಯಲಿಲ್ಲ, ಏಕೆಂದರೆ ಅಳಿಸಿದಾಗ ಮೇಲೊಂದು ಡಿಲೀಟ್ ಮಾರ್ಕರ್ ಕೂರುತ್ತದೆ ಅಷ್ಟೇ, ಅದರ ಕೆಳಗೆ 1,200 ಪ್ರತಿಗಳು ಹಾಗೆಯೇ ಇದ್ದವು. ಕೊನೆಗೆ ಲೈಫ್‌ಸೈಕಲ್ ನಿಯಮ ಬರೆದೆ: ಹಳೆಯದಾದ ಆವೃತ್ತಿ ಏಳು ದಿನಕ್ಕೆ ಹೋಗಬೇಕು. ಆ ನಿಯಮ ದಿನಕ್ಕೊಮ್ಮೆ ನಮ್ಮ ಬೆಳಗಿನ ಐದೂವರೆಯ ಲೆಕ್ಕದಲ್ಲಿ ಓಡುತ್ತದೆ. ಮೂರು ದಿನ ಆ ಹೊತ್ತಿಗೆ ಎದ್ದು ಕುಳಿತು ನೋಡಿದ್ದೇನೆ. ಏಳು ದಿನ ಸಾಕು. ಅದಕ್ಕಿಂತ ಹೆಚ್ಚು ಇಡಬೇಡಿ.

ಕೊಪ್ಪಳ, ಫೋಟೊ ಸ್ಟುಡಿಯೋ

ಏಳು ದಿನ ಸಾಕು ಎಂದು ಬರೆದವರು ನನ್ನ ಕಥೆ ಓದಲಿ. ಗವಿಮಠದ ಜಾತ್ರೆಯ ಚಿತ್ರಗಳು, ಅದರ ಹಿಂದುಮುಂದಿನ ಮದುವೆಗಳವು, ಎಲ್ಲ ಸೇರಿ 11,200 ಫೋಟೊ, 280 ಜಿಬಿ. ನಮ್ಮ ಸಹಾಯಕಿ ಹೊಸ ಕಂಪ್ಯೂಟರಿನಲ್ಲಿ ಖಾಲಿ ಫೋಲ್ಡರ್ ಇಟ್ಟುಕೊಂಡು, ಅದಕ್ಕೆ ಬಕೆಟ್ ಅನ್ನು ಸರಿಹೊಂದಿಸುವ ಸಿಂಕ್ ಆದೇಶ ಕೊಟ್ಟಳು. ಆ ಆದೇಶದಲ್ಲಿ, ಇಲ್ಲಿ ಇಲ್ಲದ್ದನ್ನು ಅಲ್ಲಿಯೂ ಅಳಿಸು ಎಂಬ ಆಯ್ಕೆ ಸೇರಿತ್ತು. ಬಕೆಟ್ ಖಾಲಿಯಾಯಿತು. ಜಾತ್ರೆಯ ಓಡಾಟದಲ್ಲಿ ನನಗೆ ಅದು ತಿಳಿದದ್ದು ಹನ್ನೆರಡನೆಯ ದಿನ, ಒಬ್ಬ ಮದುಮಗಳ ತಂದೆ ಆಲ್ಬಮ್ ಕೇಳಲು ಬಂದಾಗ.

ವರ್ಷನಿಂಗ್ ಇತ್ತು, ಹಳೆಯ ಆವೃತ್ತಿಗೆ 60 ದಿನ ಕೊಟ್ಟಿದ್ದೆ. ಡಿಲೀಟ್ ಮಾರ್ಕರ್ ಅನ್ನೇ ಅಳಿಸಿದರೆ ಅದರ ಕೆಳಗಿನ ಫೋಟೊ ಮೇಲೆ ಬರುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆಸಿ 11,200 ಮಾರ್ಕರ್‌ಗಳನ್ನು ಒಂದೇ ರಾತ್ರಿಯಲ್ಲಿ ತೆಗೆಸಿದೆ. ಒಂದು ಫೋಟೊ ಕೂಡ ಹೋಗಲಿಲ್ಲ. ಫೈಲನ್ನು ಅಳಿಸಿದ ಅಥವಾ ಅದರ ಮೇಲೆ ಹೊಸದು ಬಂದ ದಿನದಿಂದ ಗಡುವಿನ ಎಣಿಕೆ ಶುರುವಾಗುತ್ತದೆ. ಏಳು ದಿನದ ನಿಯಮವಿದ್ದಿದ್ದರೆ ಆ ತಂದೆಗೆ ನಾನು ಯಾವ ಮುಖ ತೋರಿಸುತ್ತಿದ್ದೆ?

ಖರ್ಚಿನ ಹೆದರಿಕೆಯೂ ಎಲ್ಲರದ್ದಲ್ಲ. ಫೋಟೊ ಒಮ್ಮೆ ಮೇಲೆ ಹೋದರೆ ಯಾರೂ ತಿದ್ದುವುದಿಲ್ಲ, ಹೀಗಾಗಿ ನನಗೆ ಹಳೆಯ ಆವೃತ್ತಿಗಳೇ ಹುಟ್ಟುವುದಿಲ್ಲ. ಒಂದೇ ಹೆಸರಿನ ಮೇಲೆ ದಿನಕ್ಕೆ ಹತ್ತು ಸಲ ಬರೆಯುವುದು ನಿಮ್ಮ ಗಿರಣಿಯ ಅಭ್ಯಾಸ. ಅದರ ಬಿಲ್ಲನ್ನು ವರ್ಷನಿಂಗ್ ಮೇಲೆ ಹೊರಿಸಬೇಡಿ.

ಗಂಗಾವತಿ, ಅಕ್ಕಿ ಗಿರಣಿ ಲೆಕ್ಕಪತ್ರ

ಅಕ್ಕಾವರೇ, ಹನ್ನೆರಡು ದಿನ ಬಕೆಟ್ ತೆರೆದು ನೋಡದಿರುವುದು ಯಾವ ಅಭ್ಯಾಸ? ಭತ್ತದ ಸುಗ್ಗಿಯಲ್ಲಿ ಗಂಟೆಗೆ ಎಷ್ಟು ಲೋಡ್ ಬರುತ್ತದೆ, ಎಷ್ಟು ಚೀಟಿ ಏರುತ್ತದೆ ಎಂದು ಬಂದು ನೋಡಿ. ಸಂಜೆಗೊಮ್ಮೆ ಪ್ರತಿ ತೆಗೆದರೆ ಒಂದು ದಿನದ ಲೆಕ್ಕ ಮುಳುಗುತ್ತದೆ.

ರಾಯಚೂರು, ಕಂಪ್ಯೂಟರ್ ಸೇವೆ

ಇಬ್ಬರೂ ಕೈತಪ್ಪಿನ ಮಾತನ್ನೇ ಆಡುತ್ತಿದ್ದೀರಿ. ಬೇಕೆಂದೇ ಅಳಿಸುವವನು ಬಂದರೆ? ನಾನು ನೋಡಿಕೊಳ್ಳುತ್ತಿದ್ದ ಒಂದು ಹತ್ತಿ ಗಿರಣಿಯಲ್ಲಿ ಕೆಲಸ ಬಿಟ್ಟ ಗುಮಾಸ್ತನ ಬಳಿ ಪೂರ್ಣ ಅನುಮತಿಯ ಕೀ (ಖಾತೆಗೆ ಪ್ರವೇಶ ಕೊಡುವ ಗುಪ್ತ ಸಂಕೇತ) ಉಳಿದಿತ್ತು. ಆತ ಪ್ರತಿ ಆವೃತ್ತಿಯ ಗುರುತನ್ನು (ಐಡಿ) ಪಟ್ಟಿ ಮಾಡಿ, ಗುರುತು ಕೊಟ್ಟೇ ಅಳಿಸಿದ. ಹಾಗೆ ಅಳಿಸಿದ್ದಕ್ಕೆ ಮಾರ್ಕರ್ ಇಲ್ಲ, ಮರಳುವ ದಾರಿಯೂ ಇಲ್ಲ. ಆರು ವರ್ಷದ ತೂಕದ ಚೀಟಿಗಳು ಅರ್ಧ ಗಂಟೆಯಲ್ಲಿ ಹೋದವು. ಕೀ ರದ್ದು ಮಾಡುವುದು ನನ್ನ ಕೆಲಸವಾಗಿತ್ತು. ಮಾಡಿರಲಿಲ್ಲ. ಮಾಲೀಕರು ನಮ್ಮ ಮನೆಯ ಕಟ್ಟೆಯ ಮೇಲೆ ಎರಡು ತಾಸು ಮಾತಿಲ್ಲದೆ ಕುಳಿತಿದ್ದರು.

ಅದಾದ ಮೇಲೆ ಆಬ್ಜೆಕ್ಟ್ ಲಾಕ್ ಎಂಬ ಬೀಗ ಹಾಕಿದೆ, ಕಂಪ್ಲಯನ್ಸ್ ಎಂಬ ಕಟ್ಟುನಿಟ್ಟಿನ ವಿಧಾನದಲ್ಲಿ. ಗಡುವು ಮುಗಿಯುವವರೆಗೆ ಖಾತೆಯ ಒಡೆಯನಿಗೂ ಅಳಿಸಲು ಬರುವುದಿಲ್ಲ. ಆತುರದಲ್ಲಿ 365 ದಿನದ ಬದಲು 3650 ಎಂದು ಬರೆದು 900 ಜಿಬಿ ಏರಿಸಿಬಿಟ್ಟೆ. ಕಡಿಮೆ ಮಾಡಲು ಆಗದು, ಖಾತೆಯನ್ನೇ ಮುಚ್ಚಬೇಕು. ತಿಂಗಳಿಗೆ 22.5 ಡಾಲರ್, ಹತ್ತು ವರ್ಷಕ್ಕೆ 2,700 ಡಾಲರ್, ಎರಡು ಲಕ್ಷ ರೂಪಾಯಿ ದಾಟುತ್ತದೆ. ನನ್ನ ಕೈಯಿಂದಲೇ ಕಟ್ಟುತ್ತಿದ್ದೇನೆ. ಆದರೂ ಹೇಳುತ್ತೇನೆ, ಬೀಗವಿಲ್ಲದ ವರ್ಷನಿಂಗ್ ಎಂದರೆ ಬಾಗಿಲಿಲ್ಲದ ಮನೆ. ಬೀಗ ಬೇಡವೆಂದರೆ, ಆವೃತ್ತಿ ಅಳಿಸಲು ಒಮ್ಮೆ ಬಳಸುವ ಕೋಡ್ ಕೂಡ ಕೇಳುವ ಎಂಎಫ್‌ಎ ಡಿಲೀಟ್ ಆದರೂ ಹಾಕಿಕೊಳ್ಳಿ.

ಗಂಗಾವತಿ, ಅಕ್ಕಿ ಗಿರಣಿ ಲೆಕ್ಕಪತ್ರ

ಎಂಎಫ್‌ಎ ಡಿಲೀಟ್ ಹಾಕಿದ ಬಕೆಟ್‌ನಲ್ಲಿ ಲೈಫ್‌ಸೈಕಲ್ ನಿಯಮ ನಡೆಯುವುದಿಲ್ಲ ಸರ್. ಅದನ್ನು ಹೇಳದೆ ಸಲಹೆ ಕೊಟ್ಟರೆ ಈ ಬಳ್ಳಾರಿಯವರೂ ನನ್ನ ಹಾಗೆ 2,400 ಜಿಬಿಗೆ ಬಂದು ನಿಲ್ಲುತ್ತಾರೆ.

ಕೊಪ್ಪಳ, ಫೋಟೊ ಸ್ಟುಡಿಯೋ

ರಾಯಚೂರಿನವರೇ, ಬೀಗ ಹಾಕಿದ ಫೈಲನ್ನೂ ಡೀಪ್ ಆರ್ಕೈವ್‌ಗೆ (ಅಪರೂಪಕ್ಕೆ ತೆರೆಯುವ ಫೈಲುಗಳ ಸಂಗ್ರಹ) ಇಳಿಸಬಹುದು. ಬೀಗ ಹಾಗೆಯೇ ಇರುತ್ತದೆ, ಬಾಡಿಗೆ ಎಷ್ಟೋ ಕಡಿಮೆ. ಎರಡು ಲಕ್ಷ ಕಟ್ಟಬೇಕಿಲ್ಲ. ಇನ್ನೊಂದು ಮಾತು. ನಾನು ಮುಂಬೈನಿಂದ ಹೈದರಾಬಾದ್ ವಲಯಕ್ಕೆ, ಬೇರೊಂದು ಖಾತೆಗೆ ನಕಲು ಇಟ್ಟಿದ್ದೇನೆ. ಅದಕ್ಕೆ ಎರಡೂ ಕಡೆ ವರ್ಷನಿಂಗ್ ಇರಲೇಬೇಕು. ಗುರುತು ಕೊಟ್ಟು ಅಳಿಸಿದ್ದು ಆ ಕಡೆಗೆ ಹೋಗುವುದಿಲ್ಲ. ಗುಮಾಸ್ತ ಇಲ್ಲಿ ಎಷ್ಟೇ ಅಳಿಸಿದ್ದರೂ ಅಲ್ಲಿ ಉಳಿಯುತ್ತಿತ್ತು.

ರಾಯಚೂರು, ಕಂಪ್ಯೂಟರ್ ಸೇವೆ

ಎರಡು ಕಡೆ ಇಟ್ಟರೆ ಎರಡು ಬಾಡಿಗೆ, ನಡುವೆ ಸಾಗಾಣಿಕೆಯ ಶುಲ್ಕ ಬೇರೆ. ಆ ಹತ್ತಿ ಗಿರಣಿಯವರು ತಿಂಗಳಿಗೆ 500 ರೂಪಾಯಿಗೂ ಚೌಕಾಸಿ ಮಾಡುತ್ತಿದ್ದರು. ಮೇಲಾಗಿ ಹೈದರಾಬಾದ್ ವಲಯ ಶುರುವಾದದ್ದೇ 2022ರ ನವೆಂಬರ್‌ನಲ್ಲಿ. ನಮ್ಮ ಗಿರಣಿಯ ಕಥೆ ಅದಕ್ಕೂ ಹಿಂದಿನದು. ಡೀಪ್ ಆರ್ಕೈವ್ ವಿಷಯ ನನಗೆ ತಿಳಿದಿರಲಿಲ್ಲ, ಇಂದೇ ನೋಡುತ್ತೇನೆ.

ಸಂಡೂರು, ಸರ್ವೆ ಕೆಲಸ

ಇಷ್ಟೆಲ್ಲ ಏಕೆ? ನಾನು ಫೈಲಿನ ಹೆಸರಿನಲ್ಲೇ ತಾರೀಖು ಬರೆಯುತ್ತೇನೆ, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡುತ್ತೇನೆ, ಒಂದು ಕಚೇರಿಯಲ್ಲಿ, ಒಂದು ಮನೆಯಲ್ಲಿ. ಗಣಿ ದೂಳಿಗೆ ಒಂದು ಕೆಟ್ಟಿತು, ಇನ್ನೊಂದು ಉಳಿಯಿತು. ಯಾರಿಗೂ ಡಾಲರ್ ಕಟ್ಟಿಲ್ಲ.

ಕೊಪ್ಪಳ, ಫೋಟೊ ಸ್ಟುಡಿಯೋ

ತಾರೀಖು ಬರೆಯುವುದನ್ನು ಮರೆಯುವ ಹುಡುಗನಿಂದಲೇ ಅಲ್ಲವೇ ಈ ಪ್ರಶ್ನೆ ಹುಟ್ಟಿದ್ದು? ನಿಮ್ಮ ಶಿಸ್ತು ನಿಮ್ಮ ಕೈಯಲ್ಲಿದೆ. ಕಟಿಂಗ್ ಮೇಜಿನ ಹುಡುಗನ ಕೈಯಲ್ಲಿ ಇಲ್ಲ.

ಸಂಡೂರು, ಸರ್ವೆ ಕೆಲಸ

ಶಿಸ್ತನ್ನು ಕಲಿಸಬೇಕು ತಂಗಿ. ಹದಿನೈದು ವರ್ಷದಲ್ಲಿ ನಾನು ಕಲಿಸಿದ ಒಬ್ಬ ಹುಡುಗನೂ ತಾರೀಖಿಲ್ಲದೆ ಫೈಲ್ ಉಳಿಸಿಲ್ಲ.

ಗಂಗಾವತಿ, ಅಕ್ಕಿ ಗಿರಣಿ ಲೆಕ್ಕಪತ್ರ

ತಾರೀಖಿನ ವಿಷಯದಲ್ಲಿ ಸಂಡೂರಿನವರ ಪರ ನಾನಿದ್ದೇನೆ. ದಿನಗಳ ವಿಷಯದಲ್ಲಿ ಮಾತ್ರ ಅಕ್ಕಾವರು ಹೇಳಿದ್ದನ್ನು ರಾತ್ರಿ ಕುಳಿತು ಯೋಚಿಸಿದೆ. ನಿಯಮದಲ್ಲಿ ದಿನಗಳ ಜೊತೆ ಸಂಖ್ಯೆಯನ್ನೂ ಕೊಡಬಹುದು, 1ರಿಂದ 100ರವರೆಗೆ. ಇತ್ತೀಚಿನ ಅಷ್ಟು ಹಳೆಯ ಆವೃತ್ತಿಗಳು ಗಡುವು ದಾಟಿದರೂ ಉಳಿಯುತ್ತವೆ. ನಾನು ಈಗ ಏಳು ದಿನ ಮತ್ತು ಹತ್ತು ಆವೃತ್ತಿ ಎಂದು ತಿದ್ದಿದ್ದೇನೆ. ಅಳಿಸಿದ್ದು ಹನ್ನೆರಡನೆಯ ದಿನ ತಿಳಿದರೂ ಸಿಗುತ್ತದೆ.

ಬಳ್ಳಾರಿ, ಜೀನ್ಸ್ ಪ್ಯಾಟರ್ನ್ ಕೆಲಸ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ವಂದನೆ. ಇಂದು ಬೆಳಿಗ್ಗೆ ಚಾಲೂ ಮಾಡಿದೆ. 60 ದಿನ, ಹತ್ತು ಆವೃತ್ತಿ. ಹುಡುಗನ ಕೀಗೆ ಗುರುತು ಕೊಟ್ಟು ಅಳಿಸುವ ಅನುಮತಿ ತೆಗೆದಿದ್ದೇನೆ. ಈಗಾಗಲೇ ಇದ್ದ ಫೈಲುಗಳ ಆವೃತ್ತಿ ಗುರುತಿನ ಜಾಗದಲ್ಲಿ ‘ನಲ್’ (ಗುರುತಿಲ್ಲ) ಎಂದು ತೋರಿಸುತ್ತಿದೆ. 34ರ ಪ್ಯಾಟರ್ನ್ ಕೂಡ ಹಾಗೆಯೇ ಇದೆ, ಅರ್ಧ ಇಂಚು ಕಡಿಮೆಯದ್ದು, ಅದೊಂದೇ. ಚಾಲೂ ಮಾಡುವ ಮೊದಲೇ ಹೋದದ್ದು ಸಿಗುವುದಿಲ್ಲ ಎಂದು ಖಚಿತವಾಯಿತು. ಹೋದ ವರ್ಷದ ಲಾಟಿನ ಒಂದು ಪ್ಯಾಂಟ್ ಗೋದಾಮಿನಲ್ಲಿ ಸಿಕ್ಕಿದೆ. ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಕಾಗದದ ಮೇಲೆ ಹರಡಿಕೊಂಡು ಅಳತೆ ತೆಗೆಯುತ್ತಿದ್ದೇನೆ. ಬಟ್ಟೆ ಒಗೆತಕ್ಕೆ ಎಷ್ಟು ಕುಗ್ಗಿದೆ ಎಂಬುದನ್ನು ಕೂಡಿಸಬೇಕು. ಹುಡುಗ ಪಕ್ಕದಲ್ಲಿ ಟೇಪ್ ಹಿಡಿದು ನಿಂತಿದ್ದಾನೆ.